ಕೊಟ್ಟಿಗೆಯಲ್ಲಿ ತೂಗುಹಾಕಿದ ನೀರಚೀಲ

ದೋಸ್ತ ಗುರುಬಸೂ,

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ಹೇಳಿ ನಿನಗೆ ತಲೆ ಕೆಟ್ಟಿದೆ ಎಂದು ನಾನು ನಕ್ಕದ್ದು ನೆನಪಿದೆಯಾ? ಬಾದಾಮಿಯ ನನ್ನ ಸೈಕಲ್ ಅಂಗಡಿಗೆ ಬಂದು, ಹಳೇ ಕಾಲದವರ ಹಾಗೆ ಗುಡ್ಡದ ಹಾದಿ ಹಿಡಿದು ಮಹಾಕೂಟ ದಾಟಿ ಪಟ್ಟದಕಲ್ಲಿಗೆ ನಡೆಯೋಣ ಎಂದು ಕೂತಿದ್ದೆ ನೀನು. ಬಸ್ಸು ಹೋಗುವ ಊರಿಗೆ! ಅದೂ ಹಿರಿಯರು ಕಾಣದ ಒಂದು ಸಾಮಾನೂ ಗಂಟಿನಲ್ಲಿ ಇರಬಾರದಂತೆ. ಬೆಂಕಿಪೆಟ್ಟಿಗೆ ಬೇಡ, ಚಕಮಕಿ ಕಲ್ಲು. ಬ್ಯಾಟರಿ ಬೇಡ, ದೀವಟಿಗೆ. ಹಾಸಲಿಕ್ಕೂ ಹೊದೆಯಲಿಕ್ಕೂ ಒಂದೇ ಕರಿ ಕಂಬಳಿ. ಟೈರಿನ ಅಟ್ಟೆ ಇಲ್ಲದ ಚಪ್ಪಲಿಗಾಗಿ ಸಂತೆಯೆಲ್ಲ ಅಲೆದೆವು. ಹಾಗಾದರೆ ನಿನ್ನ ಕನ್ನಡಕ ಎಂದು ಕೇಳಿದರೆ, ಅದನ್ನು ತೆಗೆದರೆ ಎದುರಿಗಿರುವ ಈ ಮೌಲಾ ಯಾರು, ಕರಡಿ ಯಾವುದು ತನಗೆ ತಿಳಿಯುವುದಿಲ್ಲ ಎಂದು ಬಿಟ್ಟೆ.

ನೀರಿನ ಪ್ರಶ್ನೆ ಬಂದ ದಿನ ನಮ್ಮಪ್ಪನ ಮುಂದೆ ಬಂದು ಕೂತೆ. ಊರಿಗೆ ನಲ್ಲಿ ಬರುವ ಮೊದಲು ಆಡಿನ ತೊಗಲಿನ ಚೀಲದಲ್ಲಿ ನೀರು ಹೊತ್ತು ನಮ್ಮನ್ನು ಸಾಕಿದವನು ಅಪ್ಪ. ಆ ಚೀಲವನ್ನು ಯಾರಾದರೂ ಕೇಳಿಕೊಂಡು ಬಂದಾರು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಎಣ್ಣೆ ಸವರಿ, ಹೊಸ ಹೊಲಿಗೆ ಹಾಕಿ ಕೊಟ್ಟ. ಒಣಗಿದರೆ ಬಿರಿಯುತ್ತದೆ, ಬಳಸಲಿ ಬಿಡಲಿ ನೀರು ತುಂಬಿಯೇ ತೂಗುಹಾಕು ಎಂದ. ನೀನು ಅದನ್ನು ಹೆಗಲಿಗೇರಿಸಿ ಪೇಟೆಯ ನಡುವೆ ನಡೆದು ಹೋದಾಗ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ.

ನಿಮ್ಮ ಹೊಸ್ತಿಲಲ್ಲಿ ಅಂದು ಅವ್ವ ಅಡ್ಡ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ನನಗೆ ರೊಟ್ಟಿ ಬಡಿಸಿದವಳು, ಕಡಿಮೆ ತಿಂದರೆ ಬೈದವಳು ನಿನ್ನ ಅವ್ವ. ಆದರೆ ಲಿಂಗಪೂಜೆ ನಡೆಯುವ ಮನೆಯೊಳಗೆ ತೊಗಲಿನ ನೀರು? ಆಗದು. ಚಪ್ಪಲಿ ಹೊಲಿದು ತಂದ ಶರಣ ಹರಳಯ್ಯನೂ ತೊಗಲಿನ ಕೆಲಸದವನೇ ಅಲ್ಲವೇ ಎಂದು ನೀನು ವಾದ ಹೂಡಿದೆ.

“ಹರಳಯ್ಯ ಕೆರ ತಂದಿದ್ದ, ನೀರ ತಂದಿದ್ದಿಲ್ಲ,” ಎಂದಳು ಅವ್ವ.

ಚೀಲ ದನದ ಕೊಟ್ಟಿಗೆಗೆ ಹೋಯಿತು. ಇಬ್ಬರೂ ನಕ್ಕೆವು. ಒಳಗೆ ನನಗೆ ಭಾಳ ನೋವಾಗಿತ್ತು, ಗುರುಬಸು. ನಾನು ಹೇಳಲಿಲ್ಲ, ನಿನಗೆ ತಿಳಿದಿತ್ತು.

ಗುಡ್ಡದ ಮೇಲಿನ ಆ ಮಧ್ಯಾಹ್ನ… ಚಕಮಕಿ ಕುಟ್ಟಿ ಬೆರಳು ಜಜ್ಜಿಕೊಂಡದ್ದೇ ಬಂತು, ಬೆಂಕಿ ಬರಲಿಲ್ಲ. ತಣ್ಣನೆಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಬಂಡೆ ಕಾದು ಕೆಂಡವಾಗಿದ್ದರೂ ಚೀಲದ ನೀರು ತಂಪಾಗಿತ್ತು. ಕುಡಿದು ಮೀಸೆ ಒರೆಸಿಕೊಂಡು ನೀನು ಹೇಳಿದೆ:

“ಮೌಲಾ, ಅವ್ವ ಇದರಾಗಿಂದ ಒಂದು ಗುಟುಕ ಕುಡದ್ಲಂದ್ರ ನನ್ನ ನಡಿಗಿ ಮುಗೀತು ನೋಡ್ಲೇ.”

ಪಟ್ಟದಕಲ್ಲು ಮುಟ್ಟಿದೆವು. ಮುಂದಿನ ವರ್ಷಗಳಲ್ಲಿ ಐಹೊಳೆಯನ್ನೂ. ಅವ್ವ ಮಾತ್ರ ತನ್ನ ಹಟ ಬಿಡಲಿಲ್ಲ. ಒಂದು ಗುಟುಕು ಕುಡಿ ಎಂದು ನೀನೂ ಕೇಳುವುದನ್ನು ಬಿಡಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ನಿನ್ನ ಕಣ್ಣು ಅರಿಶಿನವಾಗಿತ್ತು. ಕಾಮಾಲೆ ಮೈಯೆಲ್ಲ ಏರಿತ್ತು. ನನ್ನ ಹೆಸರು ಹೇಳಿದರೂ ನಿನಗೆ ಗುರುತು ಹತ್ತಲಿಲ್ಲ. ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ?

ಪಡಸಾಲೆಯಲ್ಲಿ ನಿನ್ನನ್ನು ಮಲಗಿಸಿದಾಗ ನಿನಗೆ ಎಚ್ಚರವಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೇಲುಸಿರು ಹತ್ತಿದಾಗ ನಿನ್ನ ಅತ್ತಿಗೆ ತಂಬಿಗೆಯಲ್ಲಿ ನೀರು ತಂದಳು. ಅವ್ವ ಅದನ್ನು ಬದಿಗೆ ಸರಿಸಿ, ಕೊಟ್ಟಿಗೆಯಿಂದ ನಿನ್ನ ಚೀಲ ತಾ ಎಂದು ನನಗೆ ಹೇಳಿದಳು. ನೀನು ಹಾಸಿಗೆ ಹಿಡಿದ ಮೇಲೆ ಅದನ್ನು ಯಾರು ಮುಟ್ಟಿರುತ್ತಾರೆ? ಒಣಗಿ ಬಿರಿದಿರುತ್ತದೆ ಎಂದುಕೊಂಡೇ ಹೋದೆ. ಕೈ ಹಾಕಿದರೆ ತುಂಬಿತ್ತು, ತಣ್ಣಗಿತ್ತು. ಹೊತ್ತು ತಂದು ಹೊಸ್ತಿಲಲ್ಲಿ ನಿಂತೆ.

“ಹೊರಗ್ಯಾಕ ನಿಂತಿ? ಒಳಗ ಬಾ,” ಎಂದಳು. ಆಮೇಲೆ ಮೆಲ್ಲಗೆ, “ದಿನಾ ನಾನ ತುಂಬೀನಿ. ಅಂವ ಎದ್ದ ಮ್ಯಾಲೆ ಕೇಳತಾನ ಅಂತ…”

ಅವ್ವನೇ ನಿನ್ನ ಬಾಯಿಗೆ ನೀರು ಬಿಟ್ಟಳು. ಸ್ವಲ್ಪ ಇಳಿಯಿತು, ಉಳಿದದ್ದು ಕಟವಾಯಿಯಿಂದ ಹರಿಯಿತು. ನೀನು ಹೋದೆ. ಮನೆಯೆಲ್ಲ ಅಳುತ್ತಿದ್ದಾಗ ಅವ್ವ ನನ್ನ ಮುಂದೆ ಬೊಗಸೆ ಒಡ್ಡಿ, “ನನಗೂ ಹಾಕಪಾ” ಎಂದಳು. ಹಾಕಿದೆ.

ಕುಡಿದಳು, ಗುರುಬಸು. ಬೊಗಸೆ ತುಂಬ ಕುಡಿದಳು.

ನಿನ್ನ
ಮೌಲಾ