ನಿಲುಗಡೆಯಿಲ್ಲದ ಕಷಾಯ

ಬಾಗಲಕೋಟೆ, ೨೨೧೯ನೆಯ ಇಸವಿ, ಫೆಬ್ರವರಿ ೩೦

ಇನ್ನೂರು ವರ್ಷ ಹಿಂದಿನ ವೈದ್ಯಬಂಧುಗಳಿಗೆ,

ಈ ತಾರೀಖು ನಮ್ಮ ಪಂಚಾಂಗದಲ್ಲಿದೆ. ಪದಗಳೂ ಅಪರಿಚಿತವೆನಿಸಿದರೆ ಕ್ಷಮೆಯಿರಲಿ. ಮೊದಲು ಸಂಗತಿಗಳು.

೧. ನಾನು ಗುರುಪಾದ ಹಂಚಿನಾಳ, ವಯಸ್ಸು ಐವತ್ತೆರಡು, ಇಲ್ಲಿನ ಕುದಿಮನೆಯ ಯಂತ್ರತಜ್ಞ. ವೈದ್ಯರ ಚೀಟಿ ಓದಿ ಯಂತ್ರಗಳು ಕಷಾಯ ಕಾಯಿಸುವ ಕೋಣೆಗೆ ಕುದಿಮನೆ ಎನ್ನುತ್ತೇವೆ.

೨. ಚೀನಾದ ಪ್ರಾಚೀನ ಗ್ರಂಥವೊಂದರ ಪಿಯೋನಿ ಎಂಬ ಹೂಗಿಡದ ಬೇರು ಮತ್ತು ಜ್ಯೇಷ್ಠಮಧುವಿನ ಕಷಾಯವನ್ನು ಸ್ನಾಯುಸೆಳೆತಕ್ಕೆ ಕೊಡುತ್ತೇವೆ. ಅದರಿಂದ ಗುಣವಾಗುತ್ತದೆ.

೩. ಜ್ಯೇಷ್ಠಮಧು ಬಹುಕಾಲ ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಂ ಇಳಿಯಬಹುದು, ಒತ್ತಡ ಏರಬಹುದು, ಹೃದಯದ ಬಡಿತ ತಪ್ಪಬಹುದು.

೪. ನನ್ನ ಅಕ್ಕ ನೀಲಾಂಬಿಕೆ ಅದನ್ನು ಏಳು ತಿಂಗಳಿಂದ ಕುಡಿಯುತ್ತಿದ್ದಾಳೆ. ಇಂದು ಬೆಳಿಗ್ಗೆ ಅವಳ ಪೊಟ್ಯಾಸಿಯಂ ೨.೬; ೩.೫ಕ್ಕಿಂತ ಕೆಳಗಿಳಿಯಬಾರದು.

ನಮ್ಮಲ್ಲಿ ಕಷಾಯ ಹಾಲಿನಂತೆ ಮನೆಗೆ ಬರುತ್ತದೆ. ಆರು ಗಂಟೆಗೆ ಬಿಸಿ ಫ್ಲಾಸ್ಕು ಬಾಗಿಲ ಕೊಕ್ಕೆಯಲ್ಲಿ ತೂಗುತ್ತಿರುತ್ತದೆ. ನೆರೆಯವರು ಮುಚ್ಚಳ ತೆಗೆದು ಯಾರದು ಹೆಚ್ಚು ಕಹಿಯೆಂದು ಹೋಲಿಸುತ್ತಾರೆ. ಅಕ್ಕ ವಸತಿಶಾಲೆಯೊಂದರ ಅಡುಗೆಯವಳು, ದಿನವಿಡೀ ಒಲೆಯ ಮುಂದೆ ನಿಂತವಳು. ಮೀನಖಂಡದ ಸೆಳೆತಕ್ಕೆ ಅವಳು ಅಳುತ್ತಿದ್ದುದನ್ನು ಕಂಡಿದ್ದೇನೆ. ಈಗ ನೋವಿಲ್ಲ; ಪಾದಗಳು ಮಾತ್ರ ಊದಿವೆ.

ಹಳೆಯ ಗ್ರಂಥದಿಂದ ಯಂತ್ರದ ಕೋಷ್ಟಕ ಕಟ್ಟಿದವನು ನಾನು. ತೂಕ, ನೀರು, ಕುದಿಸುವ ಅವಧಿ, ಎಲ್ಲಕ್ಕೂ ಅಂಕಣ ಮಾಡಿದೆ. ಗ್ರಂಥದ ಹಲವು ಕಷಾಯಗಳ ಕೆಳಗೆ, ಗುಣ ಕಂಡ ಮೇಲೆ ಉಳಿದುದನ್ನು ಕುಡಿಯಬಾರದೆಂಬ ಸೂಚನೆಯಿತ್ತು. ಅದು ಅಳತೆಯಲ್ಲವೆಂದು ಬಿಟ್ಟೆ. ಯಂತ್ರ ನಿಲ್ಲಿಸುತ್ತದೆಂದು ವೈದ್ಯರು ನಂಬಿದರು. ವೈದ್ಯರು ಸಾಕೆನ್ನಲಿಲ್ಲ, ಯಂತ್ರ ಕಾಯಿಸುತ್ತಲೇ ಇತ್ತು. ಈ ಕಷಾಯವನ್ನು ತಿಂಗಳು ಮೀರಿ ಕುಡಿಯುತ್ತಿರುವವರು ಮುನ್ನೂರ ಹನ್ನೆರಡು ಮಂದಿ. ಈ ಪುಟ ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಆ ಪಟ್ಟಿಯನ್ನು ಎಣಿಸಿದ್ದೇನೆ. ಸಂಖ್ಯೆ ಬದಲಾಗಿಲ್ಲ.

ಅಕ್ಕನಿಗೆ ತಿಳಿಸಿದೆ. ಅವಳೆಂದಳು: “ತಮ್ಮಾ, ಹತ್ತು ವರ್ಷದಾಗ ಈಗ ಕಾಲು ನನ್ನ ಮಾತು ಕೇಳಾಕತ್ತಾವ. ನಿನ್ನ ಲೆಕ್ಕದ ತಲಿ ನಿನ್ನ ಕೋಣ್ಯಾಗ ಇಟ್ಟು ಬಾ.” ಆಮೇಲೆ, ಬೇಕಾದರೆ ತನ್ನದೊಂದನ್ನೇ ನಿಲ್ಲಿಸು, ಉಳಿದದ್ದು ಯಾರಿಗೂ ಹೇಳಬೇಡ, ನಿನ್ನ ನೌಕರಿ ಹೋದೀತು ಎಂದಳು. ಅದು ಸಾಧ್ಯವಿತ್ತು. ಒಂದು ಗುಂಡಿಯ ಕೆಲಸ.

ನಿಮ್ಮಲ್ಲಿ ಒಂದು ಬೇಡಿಕೆ: ಹಳೆಯ ಮದ್ದನ್ನು ಹೊಸ ಆಸ್ಪತ್ರೆಗೆ ತರುವಾಗ ಅದನ್ನು ಯಾವಾಗ ಬಿಡಬೇಕೆಂಬುದನ್ನೂ ತನ್ನಿ.

ಮುನ್ನೂರ ಹನ್ನೆರಡು ಜನರ ಕಷಾಯವನ್ನೂ ಈಗ ನಿಲ್ಲಿಸಿದ್ದೇನೆ. ಎಲ್ಲರ ರಕ್ತಪರೀಕ್ಷೆ ಇಂದೇ ಆಗಬೇಕೆಂದು, ತಪ್ಪು ನನ್ನದೆಂದು ಹೆಸರು ಹಾಕಿ ವೈದ್ಯರಿಗೆ ಬರೆದಿದ್ದೇನೆ. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ.