ಗೋಲ್‌ಕೀಪರನಿಗೆ ಬದಲಿಯಾಗಿ

ಡನ್‌ಲೋ, ಸಸ್ಕಾಚೆವಾನ್
೧೨ ಮಾರ್ಚ್ ೨೦೧೯, ಮಂಗಳವಾರ

ಪ್ರೀತಿಯ ಮಗ ಲೈಲ್‌ಗೆ, ಮುದುಕ ಅಪ್ಪನ ಆಶೀರ್ವಾದ.

ನಿನ್ನ ಮೊಣಕಾಲು ಈಗ ಹೇಗಿದೆ? ಆಪರೇಷನ್ ಆಗಿ ಆರು ವಾರವಾಯಿತೆಂದು ಮಾರ್ಸಿಯಾ ಹೇಳಿದಳು. ನಿನ್ನ ಸುದ್ದಿ ನನಗೆ ನಿನ್ನ ಅಕ್ಕನ ಬಾಯಿಂದಲೇ ಸಿಗಬೇಕು. ಅದನ್ನು ದೂರುವ ಮುಖ ನನಗಿಲ್ಲ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ನಮ್ಮ ಮನೆಯ ಗಂಡಸರಿಗೆ ಎರಡು ದಿನ ನೋವು ಕಡಿಮೆಯಾದರೆ ಸಾಕು, ಡಾಕ್ಟರಿಗಿಂತ ಹೆಚ್ಚು ತಿಳಿದುಬಿಡುತ್ತದೆ. ಸೊಸೆ ಜೊಯಾನ್ ಆರೋಗ್ಯವೇ? ಮೊಮ್ಮಗಳು ಬ್ರಿಯಾ ಕಾಲೇಜು ಸೇರಿದಳಂತೆ, ಸಂತೋಷ. ನಿಮ್ಮ ಕಡಲತೀರದ ಊರಿನ ಒದ್ದೆ ಚಳಿ ಮೂಳೆಗೆ ಇಳಿಯುತ್ತದೆ ಎನ್ನುತ್ತಾರೆ, ಕಾಲನ್ನು ಬೆಚ್ಚಗಿಟ್ಟುಕೋ. ಇಲ್ಲಿ ಇವತ್ತು ಬೆಳಿಗ್ಗೆಯೂ ಸೊನ್ನೆಗಿಂತ ಇಪ್ಪತ್ತೆರಡು ಕೆಳಗಿತ್ತು, ಆದರೆ ಒಣ ಚಳಿ, ನನಗೆ ಒಗ್ಗಿದೆ. ವಯಸ್ಸು ಎಂಬತ್ತೊಂದಾಯಿತು. ಕಿವಿ ಅರ್ಧ ಹೋಗಿದೆ, ಹಲ್ಲು ಪೂರ್ತಿ ಹೋಗಿದೆ, ನಾಲಗೆ ಮಾತ್ರ ಇದ್ದ ಹಾಗೇ ಇದೆ.

ನಮ್ಮ ಬ್ಯಾಜರ್ಸ್ ಐಸ್ ಹಾಕಿ ತಂಡದ ಕಥೆ ಈ ವರ್ಷಕ್ಕೆ ಶಾಶ್ವತವಾಗಿ ಮುಗಿಯಿತು. ಲೀಗಿನವರು ನಮ್ಮ ಸ್ಥಾನವನ್ನು ಒಂದು ದೊಡ್ಡ ಊರಿಗೆ ಕೊಟ್ಟಿದ್ದಾರೆ. ಬೈಯೋಣವೆಂದರೆ ಯಾರನ್ನು ಬೈಯುವುದು? ಹದಿನಾರರಿಂದ ಇಪ್ಪತ್ತರ ಹುಡುಗರು ಎಲ್ಲೆಲ್ಲಿಂದಲೋ ಆಡಲು ಬರುತ್ತಾರೆ, ಅವರನ್ನು ಮನೆಮಗನ ಹಾಗೆ ಇಟ್ಟುಕೊಂಡು ಅನ್ನ ಹಾಕುವ ಮನೆಗಳು ಬೇಕು. ಒಂದು ಕಾಲದಲ್ಲಿ ಈ ಊರಿನ ಹೆಂಗಸರು 'ಈ ಸಲ ಗೋಲ್‌ಕೀಪರ್ ನಮ್ಮನೇಗೆ' ಎಂದು ಜಗಳವಾಡಿ ಕರೆದುಕೊಂಡು ಹೋಗುತ್ತಿದ್ದರು. ಕಳೆದ ಸೆಪ್ಟೆಂಬರಿನಲ್ಲಿ ಇಪ್ಪತ್ತೆರಡು ಹುಡುಗರಿಗೆ ಸಿಕ್ಕಿದ್ದು ಏಳು ಮನೆ. ಈ ತಿಂಗಳ ಇಪ್ಪತ್ತಮೂರನೇ ತಾರೀಖು ಶನಿವಾರ ಮಧ್ಯಾಹ್ನ ಕೊನೆಯ ಪಂದ್ಯ. ಹಳೆಯ ಆಟಗಾರರನ್ನೆಲ್ಲ ಕರೆಸಿ ಐಸಿನ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೂಗುತ್ತಾರಂತೆ. ನಿನಗೂ ಆಮಂತ್ರಣ ಬಂದಿತ್ತಲ್ಲ. ನೀನು ಅಕ್ಕನ ಹತ್ತಿರ "ಅಲ್ಲಿ ಹೋಗಿ ನಿಂತ್ಕೊಳ್ಳೋಕೆ ನಾನ್ಯಾವ ಬ್ಯಾಜರ್?" ಅಂದೆಯಂತೆ. ಅವಳು ಮುಚ್ಚಿಡಲು ನೋಡಿದಳು, ಪಾಪ, ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. ಆ ವಿದ್ಯೆ ಅವಳಿಗೆ ನನ್ನಿಂದ ಬರಲಿಲ್ಲ.

ತಂಡದ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಸಮಿತಿಯ ಹುಡುಗಿ ಮನೆಗೇ ಬಂದು, ಮೊದಲಿನಿಂದ ಕಂಡವರು ನೀವೊಬ್ಬರೇ ಉಳಿದಿರುವುದು ಎಂದಳು. ಬಾಕಿಯವರೆಲ್ಲ ಸತ್ತರು ಎನ್ನುವುದನ್ನು ಮರ್ಯಾದೆಯಾಗಿ ಹೇಳುವ ರೀತಿ ಅದು. ನಾನು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಬರೆದೆ. ಅರುವತ್ತೊಂದರಲ್ಲಿ ಯುದ್ಧಕಾಲದ ವಿಮಾನದ ಶೆಡ್ಡನ್ನು ಬಿಚ್ಚಿ, ಟ್ರ್ಯಾಕ್ಟರುಗಳಿಗೆ ಕಟ್ಟಿ ಹದಿನೆಂಟು ಮೈಲಿ ಎಳೆದು ತಂದು ರಿಂಕು ಕಟ್ಟಿದ್ದನ್ನು ಬರೆದೆ. ಐಸ್ ಕಟ್ಟುವ ಯಂತ್ರ ಆಗ ಎಲ್ಲಿತ್ತು? ನೆಲಕ್ಕೆ ನೀರು ಬಿಟ್ಟು ಬಾಗಿಲು ತೆರೆದಿಟ್ಟರೆ ಚಳಿಯೇ ಬಂದು ಕಟ್ಟಿಕೊಡುತ್ತಿತ್ತು. ಮೊದಲ ವರ್ಷ ಮೂವತ್ತಾರು ಪಂದ್ಯದಲ್ಲಿ ಗೆದ್ದದ್ದು ಮೂರು. ಎಪ್ಪತ್ನಾಲ್ಕರ ಹಿಮಗಾಳಿಯಲ್ಲಿ ನಮ್ಮ ಬಸ್ಸು ಸಿಕ್ಕಿಬಿದ್ದು, ಹುಡುಗರೆಲ್ಲ ಒಂದು ಹಳ್ಳಿಯ ಚರ್ಚಿನಲ್ಲಿ ಮೂರು ದಿನ ಉಳಿದಾಗ, ಯಾರದೋ ತಿಥಿಗೆಂದು ಮಾಡಿಟ್ಟ ಊಟವನ್ನು ಮುಗಿಸಿಬಿಟ್ಟಿದ್ದರು. ಸತ್ತವರ ಮನೆಯವರೇ ಬಡಿಸಿದರು. ಅದನ್ನೂ ಬರೆದೆ. ಹೀಗೆ ಎಂಬತ್ತಾರರವರೆಗೆ ಸಲೀಸಾಗಿ ಬಂತು. ಎಂಬತ್ತೇಳರ ಹತ್ತಿರ ಬಂದು ಪೆನ್ನು ನಿಂತಿತು. ಹದಿನೇಳು ದಿನ ಒಂದು ಸಾಲೂ ಬರೆಯಲಿಲ್ಲ.

ಐವತ್ತೆಂಟು ವರ್ಷದಲ್ಲಿ ನಾವು ಗೆದ್ದ ಒಂದೇ ಒಂದು ಕಪ್ ಆ ವರ್ಷದ್ದು. ರಿಂಕಿನ ಬಾಗಿಲಲ್ಲಿ ತೂಗುವ ಫೋಟೋ ನಿನಗೆ ಗೊತ್ತು. ಆ ವರ್ಷ ನೀನು ಮೂವತ್ತೊಂದು ಪಂದ್ಯ ಆಡಿದ್ದೆ, ಹದಿನಾಲ್ಕು ಗೋಲು ಹೊಡೆದಿದ್ದೆ. ಫೋಟೋದಲ್ಲಿ ನೀನಿಲ್ಲ, ಕೆಳಗಿನ ಹೆಸರುಗಳಲ್ಲೂ ಇಲ್ಲ. ವರ್ಷದ ಕೊನೆಗೆ ತಂಡದಲ್ಲಿ ಉಳಿದವರ ಹೆಸರು ಮಾತ್ರ ಹಾಕಬೇಕು ಎಂಬ ನಿಯಮ ಮಾಡಿದ್ದು ಕೋಚ್ ಆಗಿದ್ದ ನಾನೇ.

ಜನವರಿ ಹತ್ತರ ಸಂಜೆ ಐದರೊಳಗೆ ತಂಡಗಳು ಹುಡುಗರನ್ನು ಅದಲುಬದಲು ಮಾಡಿಕೊಂಡು ಮುಗಿಸಬೇಕು. ಸಂತೆಯಲ್ಲಿ ಎತ್ತು ಬದಲಾಯಿಸುವ ಹಾಗೆ ಬದಲಾಯಿಸುತ್ತಿದ್ದೆವು. ಹದಿನಾಲ್ಕು ವರ್ಷದ ಕೋಚ್‌ಗಿರಿಯಲ್ಲಿ ನಾನು ನಲವತ್ತೊಂದು ಹುಡುಗರನ್ನು ಹಾಗೆ ಕಳಿಸಿದ್ದೇನೆ, ಮೊನ್ನೆ ಕೂತು ಎಣಿಸಿದೆ. ಇವತ್ತು ಹೋಮ್‌ವರ್ಕ್ ಮಾಡುತ್ತಿದ್ದವನು ನಾಳೆ ಮುನ್ನೂರು ಮೈಲಿಯಾಚೆ ಬೇರೆ ಶಾಲೆಯಲ್ಲಿ, ಬೇರೆಯವರ ಮನೆಯಲ್ಲಿ. ಅವರ ತಾಯಂದಿರ ಮುಖ ನಾನು ನೋಡಿದವನಲ್ಲ, ಎಲ್ಲ ದೂರದೂರಿನವರು. ಆ ಚಳಿಗಾಲ ನಮಗೆ ಒಳ್ಳೆಯ ಗೋಲ್‌ಕೀಪರ್ ಇರಲಿಲ್ಲ. ಕೆಲ್‌ಮೋರ್ ತಂಡದಲ್ಲಿ ವಾರ್ಡ್ ಎಲಿಯಾಸ್ ಎಂಬ ಹುಡುಗನಿದ್ದ. ಅವನು ಬಂದರೆ ಕಪ್ ನಮ್ಮದೇ ಎಂದು ಊರಿಗೆಲ್ಲ ಗೊತ್ತಿತ್ತು. ರಿಂಕಿನ ಮೆಟ್ಟಿಲುಗಳ ಮೇಲೆ ಕೂತು ಆಟ ನೋಡುವವರು, ನಾನು ಮಗನೆಂದೇ ನಿನ್ನನ್ನು ಆಡಿಸುತ್ತೇನೆಂದು ಅಕ್ಟೋಬರಿನಿಂದಲೇ ಶುರುಮಾಡಿದ್ದರು. ನೀನು ಐಸಿಗೆ ಇಳಿದಾಗಲೆಲ್ಲ ಹಿಂದಿನಿಂದ ಯಾರಾದರೂ ನನ್ನ ಹೆಸರು ಹಿಡಿದು "ಇದ್ಯಾರಪ್ಪನ ತಂಡ, ಓರೆಸ್ಟ್?" ಎಂದು ಕೂಗುವುದು, ಊರೆಲ್ಲ ನಗುವುದು. ನಿನಗೂ ಕೇಳಿಸುತ್ತಿತ್ತು, ನನಗೆ ಗೊತ್ತು. ನೀನು ಒಂದು ದಿನವೂ ಆ ಮಾತನ್ನು ಮನೆಗೆ ತರಲಿಲ್ಲ.

ಆ ಜನವರಿ ಹತ್ತರ ಸಂಜೆ ಟ್ರಕ್ಕಿನಲ್ಲಿ ಕೂರಿಸಿಕೊಂಡು ನಿನಗೆ ಹೇಳಿದೆ. ಕೆಲ್‌ಮೋರಿನವರು ನಿನ್ನನ್ನೇ ಕೇಳಿದರು, ನೀನಲ್ಲದಿದ್ದರೆ ಗೋಲ್‌ಕೀಪರ್ ಇಲ್ಲ ಎಂದು ಹಟ ಹಿಡಿದರು, ಊರಿಗಾಗಿ ಒಪ್ಪಬೇಕಾಯಿತು ಎಂದೆ. ನೀನು ಜಗಳವಾಡುತ್ತೀಯ ಎಂದು ಕಾದೆ. ನೀನು "ಜೆರ್ಸಿ ಇಲ್ಲೇ ಬಿಟ್ಟೋಗ್ಬೇಕಾ ಅಪ್ಪಾ?" ಎಂದು ಕೇಳಿದೆ. ಬಿಡು, ಅದು ತಂಡದ್ದು ಎಂದೆ ನಾನು. ಹದಿನೆಂಟು ವರ್ಷದ ಮಗನಿಗೆ ಹೇಳುವ ಮಾತೇ ಅದು?

ಜನವರಿಯ ನಡುವೆ ವಾರ್ಡ್‌ನನ್ನು ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿರಲಿಲ್ಲ. ನಮ್ಮಲ್ಲಿ ಒಂದು ಕೋಣೆ ಖಾಲಿಯಾಗಿತ್ತಲ್ಲ. ಅವನನ್ನು ತಂದು ನಿನ್ನ ಮಂಚದ ಮೇಲೆ ಮಲಗಿಸಿದೆ. ಅದರಲ್ಲಿ ತಪ್ಪೇನಿದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ, ಕೋಚ್ ಆದವನ ಕೆಲಸ ಹುಡುಗರಿಗೆ ಸೂರು ಹುಡುಕುವುದು ಎಂದಷ್ಟೇ ಗೊತ್ತಿತ್ತು. ನಿನ್ನಮ್ಮ ಅವನ ಕೈಚೀಲ ತೆಗೆದುಕೊಂಡು ಒಳಗಿಟ್ಟಳು, ಬಿಸಿಬಿಸಿ ಪೆರೋಗಿ ಕಡುಬು ಬೇಯಿಸಿ ಹಾಕಿದಳು. ಅವನ ಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನಗೆ ಹೇಳಿದ್ದು ಒಂದೇ ಮಾತು: "ಆ ಮಗೂದೇನು ತಪ್ಪಿಲ್ಲ. ಅವನ ತಾಯಿಗೂ ಯಾರಾದ್ರೂ ಹೀಗೇ ಮಾಡಿರ್ತಾರೆ." ಆಮೇಲೆ ಆರು ವಾರ 'ಊಟ ಆಗಿದೆ' ಎನ್ನುವುದು ಬಿಟ್ಟರೆ ಮಾತಿಲ್ಲ. ರಿಂಕಿನ ಅಡುಗೆಕೋಣೆಯನ್ನು ಹದಿನೈದು ವರ್ಷ ನಡೆಸಿದವಳು ಮತ್ತೆ ಆ ಬಾಗಿಲು ತುಳಿಯಲಿಲ್ಲ. ಕಪ್ ಗೆದ್ದ ದಿನ ಊರಿಗೆ ಊರೇ ಅಲ್ಲಿ ಕುಣಿಯುತ್ತಿತ್ತು. ನಾನು ಮನೆಗೆ ಬಂದಾಗ ನಿನ್ನಮ್ಮ ನಿನಗೆ ಕಳಿಸಲು ಬನಿಯನ್ನುಗಳನ್ನು ಮಡಚಿ ಪಾರ್ಸೆಲ್ ಕಟ್ಟುತ್ತಿದ್ದಳು. ಗೆದ್ವಿ ಎಂದೆ. ಹಗ್ಗದ ಗಂಟಿನ ಮೇಲೆ ಸ್ವಲ್ಪ ಬೆರಳಿಡು ಎಂದಳು.

ನೀನು ಆ ವಸಂತದಲ್ಲೇ ಆಟ ಬಿಟ್ಟು ಪೂರ್ವಕ್ಕೆ ಹೋದೆ. ಅಮ್ಮನ ಮಣ್ಣಿಗೆ ಬಂದಾಗಲೂ ಮಾರ್ಸಿಯಾ ಮನೆಯಲ್ಲಿ ಇಳಿದುಕೊಂಡು ಎರಡು ದಿನಕ್ಕೆ ವಾಪಸಾದೆ. ನನ್ನ ಕೈ ಕುಲುಕಿದೆ, ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ವಿಚಾರಿಸಿದೆ. ಬೇರೆ ಊರಿನ ಕೋಚ್‌ನನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ ಮಾತಾಡಿಸಿದೆ. ಬೈದಿದ್ದರೆ ಚೆನ್ನಾಗಿತ್ತು ಲೈಲ್. ಹತ್ತು ವರ್ಷದಿಂದ ಹಾಗೆ ಅಂದುಕೊಳ್ಳುತ್ತಿದ್ದೇನೆ.

ಶನಿವಾರ ನೀನು ಬಂದು ನಿಂತರೆ ನನ್ನ ಕಣ್ಣು ತಂಪಾಗುತ್ತದೆ. ಬರುವುದಿಲ್ಲವೆಂದರೆ ಬಲವಂತವಿಲ್ಲ. ಎಂಬತ್ತೇಳರ ಪುಟವನ್ನು ನಿನ್ನೆ ಬರೆದು ಮುಗಿಸಿದೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅದನ್ನು ತಿದ್ದಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಹಾಗೆಂದೇ ಇವತ್ತು ಬರೆಯುತ್ತಿದ್ದೇನೆ. ಜೊಯಾನ್‌ಗೆ ನನ್ನ ನೆನಪು ಹೇಳು. ಬ್ರಿಯಾಳ ತಲೆ ಸವರಿ, ಮುದುಕ ತಾತ ಒಬ್ಬ ಇದ್ದಾನೆ ಎಂದು ಹೇಳು. ದೇವರು ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ ಅಪ್ಪ,
ಓರೆಸ್ಟ್ ಪಹೋಲ್ಕೊ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಪಾಲಿನ ವ್ಯಾನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಕೆಲ್‌ಮೋರಿನವರು ಕೇಳಿದ್ದು ನಿನ್ನನ್ನಲ್ಲ. ನಿನ್ನ ಜೊತೆ ಆಡುತ್ತಿದ್ದ ಡ್ವೇನ್ ಸಾವ್ಚುಕ್‌ನನ್ನು ಕೇಳಿದ್ದರು. ನಿನ್ನ ಹೆಸರು ಎತ್ತಿದವನು ನಾನು. ಮೆಟ್ಟಿಲ ಮೇಲಿನವರ ಬಾಯಿ ಮುಚ್ಚಿಸಬೇಕೆಂದಿತ್ತು, ಮಗನನ್ನೇ ಕೊಟ್ಟವನೆಂದು ಹೇಳಿಸಿಕೊಳ್ಳಬೇಕೆಂದಿತ್ತು. ನಿನ್ನ ಅಮ್ಮನಿಗೂ ಇದನ್ನು ಹೇಳಲಿಲ್ಲ, ಹೇಳದೆಯೇ ಮಣ್ಣು ಮಾಡಿದೆ. ಪುಸ್ತಕದಲ್ಲಿ ಹೀಗೇ ಬರೆದಿದ್ದೇನೆ. ಅಲ್ಲಿ ಬರೆಯದ್ದು ಒಂದಿದೆ, ಅದು ನಿನಗೆ ಮಾತ್ರ. ಅವರ ಕೋಚ್ ಫೋನಿನಲ್ಲಿ, "ನಿನ್ ಮಗ ಅಲ್ವೇನಯ್ಯಾ ಅವನು? ಇನ್ನೂ ಟೈಮಿದೆ, ಹತ್ತು ನಿಮಿಷ ಯೋಚನೆ ಮಾಡಿ ಹೇಳು" ಅಂದ. ಬೇಡ ಅಂದೆ.