ಅಡುಗೆಮನೆ ಕಿಟಕಿಯ ಅಳತೆ

ಮಾರ್ಚ್ 3

ಬೆಳಗ್ಗಿನಿಂದ ಏಳು ಪ್ಯಾಂಟು. ಏಳೂ ಗಿಡ್ಡ ಮಾಡುವವೇ. ದೊಡ್ಡೂರಿನಿಂದ ಬಂದವರು ಎಲ್ಲವನ್ನೂ ಉದ್ದವಾಗಿ ಕೊಳ್ಳುತ್ತಾರೆ, ಆಮೇಲೆ ನನ್ನ ಹತ್ತಿರ ತಂದು ಕತ್ತರಿಸುತ್ತಾರೆ. ದುಡ್ಡು ಕೊಡುವಾಗ "ಅಯ್ಯೋ, ಇಷ್ಟೇನಾ!" ಅನ್ನುತ್ತಾರೆ. ಅವರಿಗೆ ಅದು ಹೊಗಳಿಕೆ. ನನಗೆ ಮೈ ಉರಿಯುತ್ತದೆ.

ವೇಗದ ರೈಲು ಬಂದು ಎರಡು ವರ್ಷ. ನಲವತ್ತು ನಿಮಿಷಕ್ಕೆ ದೊಡ್ಡೂರು. ನಮ್ಮ ಯಜಮಾನರು ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತು ದಿನಾ ನೋಡುತ್ತಾರೆ — ಅಲ್ಲಿ ದುಡಿಮೆ, ಇಲ್ಲಿ ನಿದ್ದೆ. ಅವರ ನಿದ್ದೆಗೆ ನಮ್ಮ ಬಾಡಿಗೆ ಏರುತ್ತದೆ. ಮೂಲೆಯ ಚಪ್ಪಲಿ ರಿಪೇರಿಯವನು ಖಾಲಿ ಮಾಡಿದ. ಆ ಜಾಗದಲ್ಲಿ ಈಗ ಸೋಪಿನ ಅಂಗಡಿ. ಬರೀ ಸೋಪು!

ಮಧ್ಯಾಹ್ನ ಓನರ್ ಬಂದಿದ್ದ. ನಾನಿಟ್ಟ ಹೆಸರು ನಗುಮುಖ. ಹತ್ತೊಂಬತ್ತು ವರ್ಷದಲ್ಲಿ ಆ ಮುಖ ನಗದೆ ಇದ್ದುದನ್ನು ಕಂಡಿಲ್ಲ. ಒಳಗೆ ಬರಲಿಲ್ಲ. ಎದುರು ಫುಟ್‌ಪಾತಿನಲ್ಲಿ ನಿಂತು ಗೋಡೆ ನೋಡಿದ. ಮೇಲಿನ ಮನೆ ನೋಡಿದ, ಕೆಳಗಿನ ನಮ್ಮ ಮನೆ ನೋಡಿದ. ನನ್ನನ್ನು ಕಂಡು ಕೈ ಬೀಸಿದ.

ಸುಮ್ಮಸುಮ್ಮನೆ ಕೈ ಬೀಸುವ ಕುಳ ಅಲ್ಲ ಅದು.

ಮಾರ್ಚ್ 6

ನಗುಮುಖ ಮತ್ತೆ. ಜೊತೆಗೆ ಕ್ಯಾಮೆರಾದವನೊಬ್ಬ. ಹಾಡಹಗಲೇ ನಮ್ಮ ಕಟ್ಟಡದ ಫೋಟೋ. ನಾನು ಕಿಟಕಿಗೆ ಬಂದಕೂಡಲೇ ಇಬ್ಬರೂ ಮರದ ಫೋಟೋ ತೆಗೆಯತೊಡಗಿದರು. ಪಾಪ, ಮರಕ್ಕೆ ಎಲೆಯೇ ಇರಲಿಲ್ಲ.

ಆಮೇಲೆ ಮೇಲ್ಮನೆ ಟೀಚರ್ ಇಳಿದು ಬಂದರು. "ತಂಗೀ, ಒಂದ್ ನಿಮಿಷ ಪುರುಸೊತ್ತಿದ್ಯಾ? ಮಾತಾಡ್ಬೇಕಿತ್ತು."

ಮಷೀನಿಗೆ ಬಟ್ಟೆ ಸಿಕ್ಕಿಕೊಂಡಿತ್ತು, ಗಿರಾಕಿ ಎದುರು ನಿಂತಿದ್ದಳು. "ಈಗ ಆಗಲ್ಲ ಟೀಚರ್" ಅಂದೆ. ಹೋದರು.

ಒಂಟಿ ಹೆಂಗಸು. ರಿಟೈರ್ ಆಗಿ ಎಂಟು ವರ್ಷ. ಒಳ್ಳೆಯವರೇ, ಆದರೆ ವಿಚಿತ್ರ. ಇಷ್ಟು ವರ್ಷದಲ್ಲಿ ಒಂದು ಕಿಟಕಿಗೂ ಪರದೆ ಹಾಕಿಸಲಿಲ್ಲ. "ನಾನೇನು ಕದ್ದು ತಿಂತೀನಾ ಮುಚ್ಕೊಳ್ಳೋಕೆ?" ಅನ್ನುತ್ತಿದ್ದರು. ಕೆಳಗೇ ಟೈಲರ್ ಇಟ್ಟುಕೊಂಡು!

ಮಾರ್ಚ್ 9

ನೂಲು ತರಲು ಹೋಗಿದ್ದೆ. ಬಂದರೆ ಇವರು ಪೇಪರ್ ಓದುತ್ತಾ ಏನೋ ನೆನಪಾದವರಂತೆ ಹೇಳಿದರು — "ಟೀಚರ್ ಬಂದಿದ್ರು. ಟೇಪ್ ತಂದಿದ್ರು. ಮನೆ ಅಳ್ಕೊಂಡು ಹೋದ್ರು."

"ಏನು ಅಳ್ಕೊಂಡ್ರು?"

"ಮನೇನ."

"ಯಾಕ್ರೀ?"

"ಏನೋ ಹೇಳಿದ್ರು. ನಾನ್ ಸರಿಯಾಗಿ ಕೇಳಿಸ್ಕೊಳ್ಲಿಲ್ಲ ಕಣೆ."

ಯಾರೋ ಬಂದು ಮನೆಯನ್ನೇ ಹೊತ್ತುಕೊಂಡು ಹೋಗುತ್ತೇನೆ ಅಂದರೂ ಈ ಮನುಷ್ಯ ಪೇಪರಿನಿಂದ ತಲೆ ಎತ್ತದೆ "ಬಾಗಿಲು ಮುಂದಕ್ಕೆಳ್ಕೊಳ್ಳಿ" ಅಂದಾರು.

ನಾನಿಲ್ಲದಾಗಲೇ ಬರಬೇಕಿತ್ತಾ? ಏನೋ ಮಸಲತ್ತು ನಡೆಯುತ್ತಿದೆ.

ಮಾರ್ಚ್ 12, ಬೆಳಗ್ಗೆ 11

ಬರೆದೇ ಬಿಡಬೇಕು.

ಪರದೆ ಅಂಗಡಿಯವರು ಹೊಸ ಕೆಲಸ ತಂದುಕೊಟ್ಟರು. ಬೂದು ಬಣ್ಣದ ದುಬಾರಿ ಬಟ್ಟೆ, ಜೊತೆಗೆ ಅಳತೆ ಚೀಟಿ. ಮುಂದಿನ ಕೋಣೆ ಅಗಲ 63. ಮಲಗುವ ಕೋಣೆ 41, 41. ಅಲ್ಲಿಯತನಕ ಏನೂ ಅನ್ನಿಸಲಿಲ್ಲ. ಆಮೇಲೆ — ಅಡುಗೆಮನೆ ಅಗಲ 27, ಉದ್ದ ಎಡಕ್ಕೆ 38, ಬಲಕ್ಕೆ 36½.

ಚೀಟಿಯನ್ನು ಇನ್ನೊಮ್ಮೆ ಓದಿದೆ.

ಎಡಕ್ಕೊಂದು ಬಲಕ್ಕೊಂದು ಉದ್ದದ ಕಿಟಕಿ ಇಡೀ ಊರಲ್ಲಿ ಇನ್ನೊಂದಿಲ್ಲ. ಈ ಕಟ್ಟಡ ಕಟ್ಟಿದವನ ಕೈ ನೆಟ್ಟಗಿರಲಿಲ್ಲ. ಆ ಒಂದೂವರೆ ಇಂಚಿಗಾಗಿ ನಾನು ಮೊದಲ ಪರದೆಯನ್ನು ಎರಡು ಸಲ ಬಿಚ್ಚಿ ಹೊಲಿದಿದ್ದೆ. ಚೀಟಿ ಹಿಡಿದುಕೊಂಡು ಹೋಗಿ ಅಳೆದೆ. 27. 38. 36½.

ಯಾರೋ ನನ್ನ ಮನೆಯ ಕಿಟಕಿಗೆ ಪರದೆ ಹೊಲಿಸುತ್ತಿದ್ದಾರೆ. ನನ್ನ ಕೈಯಲ್ಲೇ.

"ಯಾರ ಆರ್ಡರ್?" ಅಂತ ಅಂಗಡಿಗೆ ಫೋನ್ ಮಾಡಿದೆ. "ದೊಡ್ಡೂರಿನವರು. ಗಂಡ ಹೆಂಡ್ತಿ. ಮುಂದಿನ ತಿಂಗಳು ಬರ್ತಾರಂತೆ" ಅಂದರು. ವಿಳಾಸ? "ಅವರೇ ಬಂದು ತಗೊಂಡು ಹೋಗ್ತಾರೆ, ನಂಗ್ಯಾಕೆ ವಿಳಾಸ?"

ಅದೇ ದಿನ, ಸಂಜೆ 4

ಚೀಟಿಯ 7ಕ್ಕೆ ಸೊಂಟದಲ್ಲಿ ಅಡ್ಡಗೆರೆ. ಎಲ್ಲೋ ನೋಡಿದ್ದೆ ಅನ್ನಿಸಿತು. ಹೋದ ವರ್ಷ ಟೀಚರ್ ತಮ್ಮ ಫೋನ್ ನಂಬರ್ ಬರೆದುಕೊಟ್ಟಿದ್ದ ಕಾಗದ ಹುಡುಕಿದೆ. ಸಿಕ್ಕಿತು. ಎರಡು 7. ಎರಡಕ್ಕೂ ಅಡ್ಡಗೆರೆ. "ಇಲ್ದಿದ್ರೆ ಒಂದು ಅಂತ ಓದ್ಬಿಡ್ತಾರೆ" ಅಂದಿದ್ದರು ಅವತ್ತು.

ಅಂದರೆ ಇದು ಟೀಚರ್ ಕೈಬರಹ. ಟೇಪ್ ಹಿಡಿದು ಬಂದದ್ದು ಇದಕ್ಕೇ. ನಗುಮುಖನ ಜೊತೆ ಸೇರಿ ನಮ್ಮ ಮನೆಗೆ ಜನ ಹುಡುಕಿದ್ದಾರೆ. ಕೈಗೆ ಎಷ್ಟು ಬಿತ್ತೋ!

ಅವರಿಗೆ ಜ್ವರ ಬಂದಾಗ ಹನ್ನೊಂದು ದಿನ ಗಂಜಿ ಹೊತ್ತುಕೊಂಡು ಮೆಟ್ಟಿಲು ಹತ್ತಿದವಳು ನಾನು. ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ. ಯಾವುದು ಮೊದಲು ಅಂತ ಗೊತ್ತಾಗುತ್ತಿಲ್ಲ.

ಮಾರ್ಚ್ 13

ಇವರಿಗೆ ಹೇಳಿದೆ. "ನೇರವಾಗಿ ಕೇಳಿಬಿಡು ಟೀಚರ್‌ನ" ಅಂದರು.

ಕೇಳಿದರೆ ಒಪ್ಪಿಕೊಳ್ಳುತ್ತಾರಾ? ಬೆಣ್ಣೆಯಂಥ ಮಾತಾಡಿ ಕಳಿಸುತ್ತಾರೆ. ಕೇಳುವುದಿಲ್ಲ. ನೋಡುತ್ತೇನೆ.

ಕೋರ್ಟಿನ ಎದುರು ಟೈಪ್ ಮಾಡುವವರು ಕೋಟಿನ ತೋಳು ಸರಿಮಾಡಿಸಲು ಬಂದಿದ್ದರು. ಸುತ್ತಿ ಬಳಸಿ ಕೇಳಿದೆ — ಮನೆ ಬಿಡಿಸುವುದು ಹೇಗೆ ಅಂತ. "ಮೊದಲು ಕಾಗದ ಕೊಡ್ತಾರೆ. ನೀವು ಕವರ್ ಒಡೆದ್ರೆ ಮುಗೀತು, ನೋಟಿಸ್ ತಲುಪಿದ ಹಾಗೆ. ಒಡೀಲೇಬೇಡಿ" ಅಂದರು. ಬಹಳ ತಿಳಿದವರು. ತೋಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾರ್ಚ್ 15

ಬಂತು!

ಬಾಗಿಲು ತಟ್ಟಿದರು. ಮಷೀನ್ ನಿಲ್ಲಿಸಿ ಉಸಿರು ಹಿಡಿದು ಕೂತೆ. "ತಂಗೀ... ಇದ್ದೀಯಾ?" ಎರಡು ಸಲ. ಆಮೇಲೆ ಬಾಗಿಲ ಕೆಳಗಿನಿಂದ ಒಂದು ಕವರ್ ಸರಿದು ಬಂತು, ನೆಲದ ಮೇಲೆ ನಿಂತಿತು.

ಒಡೆಯಲಿಲ್ಲ. ಎರಡು ಬೆರಳಲ್ಲಿ ಎತ್ತಿ ಬಾಬಿನ್ ಇಡುವ ಡ್ರಾಯರಿಗೆ ಹಾಕಿದೆ. ನನ್ನ ಹತ್ತಿರವಾ ಇವರ ಆಟ?

ಮಾರ್ಚ್ 18

ಮೆಟ್ಟಿಲ ಹತ್ತಿರ ಸಿಕ್ಕಿಬಿಟ್ಟರು. ಮುಖ ಸೊರಗಿತ್ತು. ಸೊರಗದೆ ಇನ್ನೇನು, ಮಾಡಿದ ಕೆಲಸಕ್ಕೆ.

"ಓದಿದ್ಯಾ ತಂಗೀ?"

"ಇಲ್ಲ. ಓದೋದೂ ಇಲ್ಲ."

"ಇಪ್ಪತ್ತೈದಕ್ಕೆ ಕೊನೇ ದಿನ. ಅಷ್ಟರೊಳಗೆ—"

"ಟೀಚರ್, ನಂಗೆಲ್ಲಾ ಗೊತ್ತು. ನೀವೇನೂ ಹೇಳೋದು ಬೇಡ."

"ಗೊತ್ತಿದ್ದೂ ಬೇಡ ಅಂತೀಯಾ?"

"ಹೌದು" ಅಂದೆ.

ಕಂಬಿ ಹಿಡಿದುಕೊಂಡು ಹತ್ತಿ ಹೋದರು. ಗೆದ್ದೆ ಅನ್ನಿಸಿತು. ಮನೆಗೆ ಬಂದು ಒಂದು ಚೆಂಬು ನೀರು ಕುಡಿದೆ.

ಮಾರ್ಚ್ 20

ಬೂದು ಬಟ್ಟೆಗೆ ಕತ್ತರಿ ಹಾಕಿದೆ. ಎಲ್ಲವೂ ಮೂರು ಇಂಚು ಗಿಡ್ಡ. ಬೇಕೆಂದೇ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಅಳತೆ ತಪ್ಪಿಸಿದ್ದು ಇದೇ ಮೊದಲು. ನನ್ನ ಮನೆಯಲ್ಲಿ ಬಂದು ಕೂರುವವರು ಕಿಟಕಿ ಕೆಳಗಿನಿಂದ ಬೀದಿಗೆ ಕಾಣುತ್ತಾ ಕೂರಲಿ. ಹಾಳಾಗಿ ಹೋಗಲಿ.

ಹೊಲಿಗೆ ಮಾತ್ರ ಗಟ್ಟಿಯಾಗಿ ಹಾಕಿದೆ. ಅದು ಕೈಗೆ ಬಂದ ಅಭ್ಯಾಸ, ಬಿಡುವುದಿಲ್ಲ.

ಏಪ್ರಿಲ್ 1

ಬೆಳಗ್ಗೆ ಎದುರಿಗೆ ಸಾಮಾನಿನ ವ್ಯಾನ್. ನಮ್ಮನ್ನು ಎಬ್ಬಿಸಲು ಬಂದರು ಅಂದುಕೊಂಡು ಚಿಲಕ ಹಾಕಿದೆ. ವ್ಯಾನಿನವರು ಮೇಲೆ ಹತ್ತಿದರು.

ಟೀಚರ್ ಸಾಮಾನು ಇಳಿಯಿತು. ಪುಸ್ತಕದ ಡಬ್ಬಗಳು, ಒಂದು ಮಂಚ, ಒಂದು ಕುರ್ಚಿ. ಅಷ್ಟೇ. ಪರದೆ ಸಂದಿಯಿಂದ ನೋಡಿದೆ.

ಕೈ ಬಿಸಿ ಮಾಡಿಕೊಂಡು ಹೊರಟಿದ್ದಾರೆ ಅನ್ನಿಸಿತು. ಆದರೆ ಅಷ್ಟು ದುಡ್ಡು ಸಿಕ್ಕವರು ಆ ಮುರುಕು ಕುರ್ಚಿ ಯಾಕೆ ಒಯ್ಯುತ್ತಾರೆ?

ಕೊನೆಗೆ ನಮ್ಮ ಬಾಗಿಲ ಹತ್ತಿರ ಚಪ್ಪಲಿ ಸದ್ದು ನಿಂತಿತು. ತಟ್ಟಲಿಲ್ಲ. "ಬರ್ತೀನಿ ತಂಗೀ" ಅಂದರು, ಮುಚ್ಚಿದ ಬಾಗಿಲಿಗೆ.

ಬಾಗಿಲು ತೆರೆಯಲಿಲ್ಲ ನಾನು.

ಏಪ್ರಿಲ್ 5

ಮೇಲ್ಮನೆಗೆ ಗಂಡ ಹೆಂಡತಿ ಬಂದರು. ಚಿಕ್ಕ ವಯಸ್ಸು. ಎರಡು ಸೈಕಲ್ಲು, ಹದಿನಾಲ್ಕು ಹೂಕುಂಡ. ಎಣಿಸಿದೆ.

ನಮಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಅದೇ ಹೆದರಿಕೆ.

ಏಪ್ರಿಲ್ 9, ಮಧ್ಯಾಹ್ನ 12

ಪರದೆ ಅಂಗಡಿಯವರ ಫೋನ್. ಬೂದು ಪರದೆ ಗಿಡ್ಡವಂತೆ. "ಹೋಗಿ ನೋಡಿ ಸರಿಮಾಡಿಕೊಡಿ ಅಮ್ಮಾ, ನಿಮಗೇನು ದೂರವೂ ಅಲ್ಲ. ನಿಮ್ಮ ಮೇಲ್ಮನೆಯವರೇ."

ನಿಮ್ಮ ಮೇಲ್ಮನೆಯವರೇ.

ಟೇಪ್ ಹಿಡಿದು ಮೆಟ್ಟಿಲು ಹತ್ತಿದೆ. ಒಳಗೆ ಹೋದೆ. ಮುಂದಿನ ಕೋಣೆಯ ಅಳತೆ ನನ್ನದೇ. ಮಲಗುವ ಕೋಣೆ ನನ್ನದೇ. ಅಡುಗೆಮನೆಯ ಕಿಟಕಿ ಎಡಕ್ಕೆ ಇಳಿದಿದೆ. ಅದೇ ಮೇಸ್ತ್ರಿ, ಅದೇ ಸೊಟ್ಟ ಕೈ, ಒಂದರ ಮೇಲೊಂದು ಎರಡು ಮನೆ. ಹತ್ತೊಂಬತ್ತು ವರ್ಷ ಮೇಲೆ ಕೆಳಗೆ ಓಡಾಡಿದ್ದೇನೆ. ಪರದೆ ಹೊಲಿಯದ ಮನೆ, ಹಾಗಾಗಿ ಒಂದು ದಿನವೂ ಅಳೆದಿರಲಿಲ್ಲ. ಟೈಲರ್ ಅಂತೆ ಟೈಲರ್!

ಹೆಂಡತಿಗೆ ಸಂಕೋಚ. "ಅಳತೆ ನಮ್ದೇ ತಪ್ಪಿರ್ಬೇಕು. ಮನೆ ನೋಡೋಕೆ ಬಂದಾಗ ಹಳೇ ಟೀಚರ್ ಹತ್ರ ಬರೆಸ್ಕೊಂಡಿದ್ವಿ. ವಯಸ್ಸಾಗಿದೆ ಪಾಪ, ಕಣ್ಣು ಕಾಣ್ಸಿರಲ್ಲ."

ನಾನು ಟೇಪ್ ಸುತ್ತಿಟ್ಟೆ.

"ಪರದೆ ಆ ಅಂಗಡಿಗೇ ಕೊಡಿ ಅಂತ ಅವರೇ ಹೇಳಿದ್ದು. 'ಕೆಳಗೆ ನನ್ನ ತಂಗಿ ಇದ್ದಾಳೆ, ಅವಳೇ ಹೊಲಿಯೋದು. ಅವಳಿಗೊಂದಿಷ್ಟು ಕೆಲಸ ಆಗುತ್ತೆ' ಅಂದ್ರು. ನೀವು ಸ್ವಂತ ಅಕ್ಕ ತಂಗೀನಾ?"

"ಅಳತೆ ಸರಿಯಾಗೇ ಇತ್ತು" ಅಂದೆ. "ಕತ್ತರಿ ನನ್ನದು."

ಅವಳಿಗೆ ಅರ್ಥವಾಗಲಿಲ್ಲ. ಪರದೆ ಇಳಿಸಿಕೊಂಡು ಬಂದೆ.

ಮಧ್ಯಾಹ್ನ 1.30

ಕವರ್ ಒಡೆದೆ.

ನೋಟಿಸ್ ಅಲ್ಲ. ಬಾಡಿಗೆ ಕಚೇರಿಗೆ ಬರೆದ ಅರ್ಜಿ. ಮೇಲ್ಮನೆ ದೊಡ್ಡದು ಅಂತ ಹೇಳಿ ಓನರ್ ಎರಡರಷ್ಟು ಬಾಡಿಗೆ ಕೇಳುತ್ತಿದ್ದಾನೆ, ಎರಡೂ ಮನೆಯ ಅಳತೆ ಒಂದೇ, ಬೇಕಾದರೆ ನೋಡಿ ಅಂತ ಎರಡು ಸಾಲಾಗಿ ಅಂಕಿ. ಮೇಲ್ಮನೆ, ಕೆಳಮನೆ. ಪ್ರತಿ 7ಕ್ಕೂ ಅಡ್ಡಗೆರೆ. ಕೆಳಗೆ ಅವರ ಸಹಿ. ಪಕ್ಕದಲ್ಲಿ ನನಗೆ ಬಿಟ್ಟ ಜಾಗ, ಪೆನ್ಸಿಲಿನಲ್ಲಿ ಸಣ್ಣದೊಂದು ಗುರುತು, ಎಲ್ಲಿ ಹಾಕಬೇಕು ಅಂತ.

ಜೊತೆಗೆ ಚೀಟಿ: "ತಂಗೀ, ಇಬ್ಬರೂ ಸಹಿ ಮಾಡಿ 25ರೊಳಗೆ ಕೊಟ್ಟರೆ ವಿಚಾರಣೆ ಮುಗಿಯುವ ತನಕ ಇಬ್ಬರನ್ನೂ ಎಬ್ಬಿಸುವ ಹಾಗಿಲ್ಲವಂತೆ. ಒಬ್ಬರದೇ ಆದರೆ ತೆಗೆದುಕೊಳ್ಳುವುದಿಲ್ಲ. ನಿಧಾನಕ್ಕೆ ಓದಿ ಹೇಳು. ಬಲವಂತವಿಲ್ಲ."

ಬಲವಂತವಿಲ್ಲ!

ಸಂಜೆ ಇವರಿಗೆ ತೋರಿಸಿದೆ. ಓದಿದರು. ಕನ್ನಡಕ ತೆಗೆದರು. "ಹೌದು ಕಣೆ... ಏನೋ ಅರ್ಜಿ ಅಂದಿದ್ರು ಅವತ್ತು." ಬೈಯಬೇಕು ಅಂತ ಬಾಯಿ ತೆರೆದೆ. ಯಾವ ಬಾಯಲ್ಲಿ ಬೈಯಲಿ?

ಏಪ್ರಿಲ್ 10

ಟೀಚರ್ ನಂಬರಿಗೆ ನಾಲ್ಕು ಸಲ ಫೋನ್. ರಿಂಗ್ ಆಗುತ್ತದೆ. ಎತ್ತುವುದಿಲ್ಲ.

ಎತ್ತಬೇಡಿ. ನಾನೂ ಬಾಗಿಲು ತೆರೆಯಲಿಲ್ಲವಲ್ಲ.

ಏಪ್ರಿಲ್ 12

ಬೂದು ಪರದೆ ಬಿಚ್ಚಿ, ಅದೇ ಬಟ್ಟೆಯ ಪಟ್ಟಿ ಕೊಟ್ಟು ಉದ್ದ ಮಾಡಿದೆ. ಬಟ್ಟೆ ನನ್ನ ಖರ್ಚು. ಚೀಟಿಯಲ್ಲಿದ್ದಂತೆ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಟೀಚರ್ ಅಳತೆ ಅಷ್ಟು ಸರಿಯಿತ್ತು.

ಏಪ್ರಿಲ್ 21

ನಗುಮುಖ. ಈ ಸಲ ಒಳಗೇ ಬಂದ. ಕುರ್ಚಿಯಲ್ಲಿ ಕೂತ.

"ಮೇಲ್ಮನೆಯವರು ಎಷ್ಟು ಕೊಡ್ತಿದ್ದಾರೆ ಗೊತ್ತಾ ಅಮ್ಮಾ?" ಹೇಳಿದ. ನಮ್ಮದರ ಎರಡರಷ್ಟು. "ನಿಮ್ಮ ಟೀಚರೇ ಕಚೇರಿಗೆ ಹೋಗಿ ಹೇಳಿ ಬಂದಿದ್ರಂತೆ, ಎರಡೂ ಮನೆ ಒಂದೇ ಅಳತೆ ಅಂತ. ನಾನ್ ಇಲ್ಲ ಅಂತೀನಾ? ಒಂದೇ ಅಳತೆ, ಒಂದೇ ಬಾಡಿಗೆ. ಮುಂದಿನ ತಿಂಗಳಿಂದ ಕೊಡಿ, ಇಲ್ಲಾಂದ್ರೆ ಯೋಚನೆ ಮಾಡಿ."

ನಕ್ಕ. ಇವರೂ ಅಭ್ಯಾಸಬಲದಿಂದ ನಕ್ಕುಬಿಟ್ಟರು.

ಏಪ್ರಿಲ್ 23

ಟೀಚರ್ ಬರೆದಂತೆಯೇ ಹೊಸ ಅರ್ಜಿ ಬರೆದು ಸಹಿ ಹಾಕಿ, ಮೇಲ್ಮನೆಯವರ ಸಹಿ ಕೇಳಲು ಹತ್ತಿ ಹೋದೆ. ತಟ್ಟಿದೆ. ಒಳಗೆ ಮಾತು ನಿಂತಿತು. ಬಾಗಿಲು ತೆರೆಯಲಿಲ್ಲ. ಕಾಗದವನ್ನು ಕೆಳಗಿನಿಂದ ಸರಿಸಿದೆ.

ಏಪ್ರಿಲ್ 26

ಮೇಲ್ಮನೆಯವಳು ಮೆಟ್ಟಿಲಲ್ಲಿ ಸಿಕ್ಕಳು. "ನಾವು ಈಗಷ್ಟೇ ಬಂದಿದ್ದೀವಿ ಆಂಟಿ, ತಕರಾರು ಬೇಡ ಅಂತಾರೆ ಇವರು" ಅಂದಳು. ನನ್ನ ಮುಖ ನೋಡಲಿಲ್ಲ. ಕಾಗದ ಮಡಚಿದ್ದು ಮಡಚಿದಂತೆ ವಾಪಸು ಕೊಟ್ಟಳು.

ತಪ್ಪು ಅನ್ನಲಾರೆ. ನನಗೆ ಆ ಬಾಯಿಲ್ಲ.

ಮೇ 17, ಬೆಳಗ್ಗೆ 10

ಇವರು ರೈಲು ಹಳಿಯ ಆಚೆ, ಎರಡು ಬಸ್ಸು ಬದಲಿಸುವ ಕಡೆ ಒಂದು ಕೋಣೆ ನೋಡಿ ಬಂದಿದ್ದಾರೆ. ಮಷೀನ್ ಹಿಡಿಸುತ್ತದಂತೆ. ಗಿರಾಕಿ ಅಷ್ಟು ದೂರ ಬರುತ್ತಾರಾ ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಈಗ ಬಾಗಿಲು ತಟ್ಟಿದರು. ತೆರೆದೆ. ದೊಡ್ಡೂರಿನ ತಂದೆ, ಮಗಳು. ಓನರ್ ಕಳಿಸಿದ್ದಂತೆ. ಮಗಳ ಕೈಯಲ್ಲಿ ಹೊಸ ಟೇಪ್, ಹಿಡಿಯಲೂ ಬರುವುದಿಲ್ಲ. "ಬೇಜಾರಿಲ್ಲ ಅಂದ್ರೆ ಕಿಟಕಿ ಅಳತೆ..." ಅಂದಳು. ಚಿಕ್ಕ ಮಗುವಿನ ಹಾಗೆ ನಿಂತಿದ್ದಳು. ಇಲ್ಲ ಅನ್ನಲಾಗಲಿಲ್ಲ.

ಟೀಚರ್‌ಗೂ ಹೀಗೇ ಆಗಿರಬೇಕು.

"ಇರಿ, ನಾನೇ ಬರೆದುಕೊಡ್ತೀನಿ" ಅಂತ ಕೂರಿಸಿದ್ದೇನೆ. ಅಳೆಯುವುದೇನಿದೆ, ಬಾಯಿಪಾಠ. ಕಾಗದ ಹುಡುಕಿದರೆ ಈ ಪುಸ್ತಕವೇ ಸಿಕ್ಕಿತು. ಇಲ್ಲೇ ಬರೆದು ಹಾಳೆ ಹರಿದುಕೊಡುತ್ತೇನೆ.

ಮುಂದಿನ ಕೋಣೆ 63.
ಮಲಗುವ ಕೋಣೆ 41, 41.
ಅಡುಗೆಮನೆ 27. ಏಳಕ್ಕೆ ಅಡ್ಡಗೆರೆ ಎಳೆದೆ, ಒಂದು ಅಂತ ಓದಬಾರದಲ್ಲ.
ಎಡಕ್ಕೆ 38. ಬಲಕ್ಕೆ 36½. ಸರಿಯಾದ ಅಳತೆ.